ಮುಳುಗುವ ಯುದ್ಧನೌಕೆಯ ಸಿನಿಮಾ: ‘ಯಮಾಟೊ’ ನೋಡುವುದೋ, ‘ಬಿಸ್ಮಾರ್ಕ್’ ನೋಡುವುದೋ?

ನಾವಿಕರ ಬದುಕೇ ಬೇಕೆಂದರೆ 2005ರ ಜಪಾನಿ ಚಿತ್ರ ‘ಯಮಾಟೊ’; ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಅದೇ ಹೆಸರಿನ ಜಪಾನಿ ಯುದ್ಧನೌಕೆಯ ಕಥೆ. ಹಡಗಿನ 190 ಮೀಟರ್ ಉದ್ದದ ಭಾಗವನ್ನು ನಿಜಗಾತ್ರದಲ್ಲೇ ಜಪಾನಿನ ಒನೊಮಿಚಿಯಲ್ಲಿ ಸೆಟ್ ಹಾಕಿದ್ದರು. ವಿಮಾನವಿರೋಧಿ ತೋಪುಗಳ ಪಕ್ಕದಲ್ಲೇ ಮೀಸೆ ಚಿಗುರದ ಹುಡುಗರು ಉರುಳುತ್ತಾರೆ, ಡೆಕ್ಕೆಲ್ಲ ರಕ್ತ. ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದ್ದಲ್ಲ. ಎರಡೂಕಾಲು ಗಂಟೆ ಮೀರುತ್ತದೆ, ಕಣ್ಣೀರಿನ ದೃಶ್ಯಗಳನ್ನು ತುಸು ಎಳೆದಿದ್ದಾರೆ.

ಅಷ್ಟು ಹೊತ್ತು ಇಲ್ಲವೇ? 1960ರ ‘ಸಿಂಕ್ ದ ಬಿಸ್ಮಾರ್ಕ್!’ ಸುಮಾರು ಒಂದೂವರೆ ಗಂಟೆ, ಕಪ್ಪು-ಬಿಳುಪು. ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕನ್ನು ಬ್ರಿಟಿಷ್ ನೌಕಾಪಡೆ ಬೆನ್ನಟ್ಟುವ ಕಥೆ ಬಹುಪಾಲು ಲಂಡನ್ನಿನ ನೆಲದಡಿಯ ಕೋಣೆಯಲ್ಲಿ, ನಕ್ಷೆಯ ಸುತ್ತ. ಮುಳುಗುವ ನಾವಿಕರ ಪರಿಚಯವೇ ಆಗದು. ಬೆನ್ನಟ್ಟುವ ಲೆಕ್ಕಾಚಾರ ಇಷ್ಟಪಡುವವರಿಗೆ ಇದೇ ಸರಿ. ಬಿಸ್ಮಾರ್ಕ್‌ನಲ್ಲಿದ್ದ ಜರ್ಮನ್ ಅಡ್ಮಿರಲ್ ಲ್ಯೂಟ್ಯೆನ್ಸ್‌ರನ್ನು ಕಟ್ಟಾ ನಾಜಿಯಾಗಿ ತೋರಿಸಿರುವುದನ್ನು ಮಾತ್ರ ಇತಿಹಾಸವೆಂದು ನಂಬಬೇಡಿ.