ಬ್ರೇಕ್ ಸದ್ದು, ಚಕ್ರದ ಕರಿ ಧೂಳು: ಕಾರವಾರ–ಶಿರಸಿ ದಾರಿಯಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ

ಕಾರವಾರದಲ್ಲಿ ಕಾರು ಇಟ್ಟವರಿಗೆ ಬ್ರೇಕಿನ ಕಿರ್ರ್ ಸದ್ದು ಹೊಸದಲ್ಲ. ವರ್ಷವಿಡೀ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ನನ್ನ ಸಣ್ಣ ಕಾರು ಕೋಡಿಬಾಗದಲ್ಲಿ ಬಯಲಲ್ಲೇ ನಿಲ್ಲುತ್ತದೆ. ಊರು ಶಿರಸಿ ಕಡೆ. ಹಾಗಾಗಿ ಕುಮಟಾದವರೆಗೆ ಹೆದ್ದಾರಿ 66ರ ಓಟ, ಅಲ್ಲಿಂದ ಮೇಲೆ ದೇವಿಮನೆ ಘಟ್ಟ, ಎರಡೂ ಅದಕ್ಕೆ ಮಾಮೂಲು. ಸದ್ದು ನಿಲ್ಲಿಸಲಿಕ್ಕೆ, ಧೂಳು ಕಡಿಮೆ ಮಾಡಲಿಕ್ಕೆ ಜನ ಹೇಳುವ ಉಪಾಯಗಳನ್ನು ಒಂದರ ನಂತರ ಒಂದು ಮಾಡಿ ನೋಡಿದ್ದೇನೆ. ನನಗೆ ಕಂಡಿದ್ದು ಇಷ್ಟು: ಈ ಕರಾವಳಿಯಲ್ಲಿ ಪ್ಯಾಡ್ ಬದಲಿಸುವ ಮೊದಲು ಕ್ಯಾಲಿಪರ್ ಬಿಚ್ಚಿ ನೋಡಬೇಕು. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಬಿಲ್ಲೆ, ಪ್ಯಾಡ್ ಅಂದರೆ ಬ್ರೇಕ್ ಒತ್ತಿದಾಗ ಅದಕ್ಕೆ ಉಜ್ಜಿ ನಿಲ್ಲಿಸುವ ತುಂಡು, ಆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆಯೇ ಕ್ಯಾಲಿಪರ್. ಹೀಗೆ ಉಜ್ಜಿ ಸವೆದ ಪುಡಿಯೇ ಚಕ್ರದ ಮೇಲೆ ಕೂರುವ ಧೂಳು.

ಎಲ್ಲ ಸದ್ದಿಗೂ ಒಂದೇ ಮದ್ದಿಲ್ಲ. ಮಳೆ ಬಿದ್ದ ಮಾರನೇ ಬೆಳಿಗ್ಗೆ ಗಾಡಿ ತೆಗೆದಾಗ ಬರುವ ಕರಕರ ಸದ್ದು ಡಿಸ್ಕ್ ಮೇಲಿನ ತೆಳು ತುಕ್ಕಿನದು. ಡಿಸ್ಕ್ ಬೀಡುಕಬ್ಬಿಣದ್ದು, ಒಂದು ರಾತ್ರಿ ಒದ್ದೆಯಾದರೆ ಸಾಕು, ಕೆಂಪಾಗುತ್ತದೆ. ನಾಲ್ಕೈದು ಸಲ ಬ್ರೇಕ್ ಹಿಡಿದರೆ ತಾನಾಗೇ ಹೋಗುತ್ತದೆ. ಅದಕ್ಕೆ ದುಡ್ಡು ಸುರಿಯಬೇಡಿ. ಬ್ರೇಕ್ ಒತ್ತದೆ ಓಡುವಾಗಲೂ ಸಣ್ಣಗೆ ಕೀಂ ಅಂತಿದ್ದರೆ ಪ್ಯಾಡ್ ಸವೆದಿರಬಹುದು. ಪ್ಯಾಡ್ 2–3 ಮಿ.ಮೀ.ಗೆ ಇಳಿದಾಗ ಡಿಸ್ಕಿಗೆ ತಾಗಿ ಎಚ್ಚರಿಸಲೆಂದೇ ಎಷ್ಟೋ ಕಾರುಗಳಲ್ಲಿ ಒಂದು ಉಕ್ಕಿನ ಪಟ್ಟಿ ಇಟ್ಟಿರುತ್ತಾರೆ. ಇನ್ನು ಗರಗರ ಅಂತ ಕಬ್ಬಿಣ ಉಜ್ಜಿದ ಹಾಗೆ ಕೇಳಿದರೆ ಘಟ್ಟ ಹತ್ತುವುದೂ ಬೇಡ, ಇಳಿಯುವುದೂ ಬೇಡ, ನೇರ ಗ್ಯಾರೇಜಿಗೆ ಹೋಗಿ. ನಾನು ಇಲ್ಲಿ ಹೋಲಿಸುತ್ತಿರುವುದು ಈ ಮೂರೂ ಅಲ್ಲದ ಸದ್ದಿನ ಮದ್ದುಗಳನ್ನು. ಪ್ಯಾಡ್ ಇನ್ನೂ ದಪ್ಪ ಇದೆ, ಆದರೂ ಮೆಲ್ಲಗೆ ಬ್ರೇಕ್ ಒತ್ತಿದರೆ ಕಿರುಚುತ್ತದೆ ಅಲ್ವಾ, ಆ ಸದ್ದು.

ಮೊದಲ ಉಪಾಯ ಸ್ಯಾಂಡ್‌ಪೇಪರ್. ಪ್ಯಾಡ್ ತೆಗೆದು ಹೊಳಪು ಕಟ್ಟಿದ ಮೇಲ್ಮೈಯನ್ನು ಉಜ್ಜಿ ಹಾಕುವುದು. ಖರ್ಚು ಏನೂ ಇಲ್ಲ, ಸದ್ದೂ ತಕ್ಷಣ ನಿಲ್ಲುತ್ತದೆ. ಆದರೆ ಒಂದು ಸಲ ಘಟ್ಟ ಇಳಿದು ಬಂದರೆ ಮತ್ತೆ ಶುರು. ತಾತ್ಕಾಲಿಕಕ್ಕೆ ಸರಿ. ಆ ಪುಡಿಯನ್ನು ಮಾತ್ರ ಗಾಳಿ ಹೊಡೆದು ಹಾರಿಸಬೇಡಿ, ಎದೆಗೆ ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ.

ಎರಡನೆಯದು ಕ್ಯಾಲಿಪರ್ ಸರ್ವಿಸ್. ನಾನು ಹೊಸ ಪ್ಯಾಡ್ ಹಾಕಿಸಬೇಕೆಂದು ಹೋದಾಗ ಕುಮಟಾದ ಮೆಕ್ಯಾನಿಕ್ ಒಬ್ಬರು, "ಪ್ಯಾಡ್ ಇನ್ನೂ ಅರ್ಧ ಉಂಟು ಸರ್, ಸುಮ್ನೆ ಯಾಕೆ? ಪಿನ್ ನೋಡ್ವ" ಅಂದರು. ಅವರು ಎಡ ಮುಂಚಕ್ರದ ಕ್ಯಾಲಿಪರ್ ಬಿಚ್ಚಿದರು. ಕ್ಯಾಲಿಪರ್ ಅತ್ತಿತ್ತ ಜಾರುವುದು ಎರಡು ಪಿನ್‌ಗಳ ಮೇಲೆ. ಮೇಲಿನ ಪಿನ್ ಬೆರಳಲ್ಲಿ ಎಳೆದರೆ ಜಾರಿ ಬಂತು. ಕೆಳಗಿನದು ಅಲ್ಲಾಡಲೇ ಇಲ್ಲ. ತಿರುಗಿಸಿ ತಿರುಗಿಸಿ ಹೊರಗೆ ತೆಗೆದಾಗ ಗ್ರೀಸ್ ಇರಬೇಕಾದ ಜಾಗದಲ್ಲಿ ಕಂದು ಬಣ್ಣದ ತುಕ್ಕಿನ ರಾಡಿ. ನೀರು ತಡೆಯಲು ಅದಕ್ಕೆ ಹಾಕಿರುವ ರಬ್ಬರ್ ಮುಚ್ಚಿಗೆ, ಅಂದರೆ ಬೂಟಿನ ಅಂಚು ಉಗುರಗಲ ಹರಿದಿತ್ತು. ಉಪ್ಪುನೀರು ಅಲ್ಲಿಂದಲೇ ಒಳಗೆ ಇಳಿದಿದೆ.

ಪಿನ್ ಹಿಡಿದುಕೊಂಡರೆ ಬ್ರೇಕ್ ಬಿಟ್ಟ ಮೇಲೂ ಕ್ಯಾಲಿಪರ್ ಪೂರ್ತಿ ಸಡಿಲ ಆಗುವುದಿಲ್ಲ. ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಸದ್ದಿಗೂ ಅದೇ ಕಾರಣ, ಧೂಳಿಗೂ ಅದೇ ಕಾರಣ. ಇದನ್ನು ಮನೆಯಲ್ಲೇ ಗುರುತಿಸಬಹುದು. ಮುಂದಿನ ಎರಡು ಚಕ್ರಗಳಲ್ಲಿ ಒಂದು ಮಾತ್ರ ಜಾಸ್ತಿ ಕರಿ ಹಿಡಿದಿದ್ದರೆ ಆ ಬದಿಯ ಪಿನ್ ಮೇಲೆ ಅನುಮಾನ ಪಡಿ.

ಪಿನ್ ಉಜ್ಜಿ, ಹೊಸ ಬೂಟ್ ಹಾಕಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿದರು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ನಡೆಯುವುದಿಲ್ಲ, ಅದರ ಎಣ್ಣೆಗೆ ರಬ್ಬರ್ ಉಬ್ಬುತ್ತದೆ. ಪ್ಯಾಡಿನ ಬೆನ್ನಿಗೂ ಕಿವಿಗೂ (ಎರಡು ಬದಿಯ ಚಾಚಿದ ತುದಿಗಳಿಗೂ) ತೆಳುವಾಗಿ ಒಂದು ಕೈ ಹಚ್ಚಬೇಕು, ಡಿಸ್ಕಿಗೆ ತಾಗುವ ಮುಖಕ್ಕೆ ಒಂದು ಹನಿಯೂ ತಾಗಬಾರದು. ಪ್ಯಾಡಿನ ಬೆನ್ನಿಗೆ ಶಿಮ್ ಅಂತ ತೆಳು ತಗಡು ಇರುತ್ತದೆ, ನಡುಕ ಹೀರಿಕೊಳ್ಳುವುದು ಅದರ ಕೆಲಸ. ಪ್ಯಾಡ್ ಬದಲಿಸುವಾಗ ಎಷ್ಟೋ ಕಡೆ ಇದನ್ನು ಬಿಸಾಡಿಬಿಡುತ್ತಾರೆ. ಪಕ್ಕದಲ್ಲೇ ನಿಂತು ಕೇಳಿ ಹಾಕಿಸಿಕೊಳ್ಳಿ. ಇಷ್ಟಕ್ಕೇ ನನ್ನ ಕಾರಿನ ಸದ್ದು ನಿಂತಿತು, ಮುಂದಿನ ಮಳೆಗಾಲದವರೆಗೂ ಬರಲಿಲ್ಲ. ಈಗ ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಇದನ್ನು ತಪ್ಪದೆ ಮಾಡಿಸುತ್ತೇನೆ.

ಡಿಸ್ಕನ್ನು ಲೇತಿಗೆ ಹಾಕಿ ಕೆರೆಸುವ ಸಲಹೆಯೂ ಸಿಗುತ್ತದೆ. ಬ್ರೇಕ್ ಹಿಡಿದಾಗ ಪೆಡಲ್ ನಡುಗುತ್ತಿದ್ದರೆ ಮಾಡಿಸಿ. ಬರೀ ಸದ್ದಿಗೆ ಬೇಡ, ಡಿಸ್ಕಿನ ದಪ್ಪ ಸುಮ್ಮನೆ ಹೋಗುತ್ತದೆ.

ಇನ್ನು ಪ್ಯಾಡ್. ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಸೆಮಿ ಮೆಟಾಲಿಕ್‌ನಲ್ಲಿ ಉಕ್ಕಿನ ಎಳೆ, ಕಬ್ಬಿಣದ ಪುಡಿ ಇರುತ್ತದೆ. ದೇವಿಮನೆ ತಿರುವುಗಳಲ್ಲಿ ಎಷ್ಟೇ ಕಾದರೂ ಹಿಡಿತ ಬಿಡಲಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೇಟೆಯೊಳಗೆ ಕಿರುಚುತ್ತದೆ, ಧೂಳು ವಿಪರೀತ. ಆ ಧೂಳಲ್ಲಿ ಕಬ್ಬಿಣ ಇರುವುದರಿಂದ ಕಾರವಾರದ ಗಾಳಿಗೆ ಚಕ್ರದ ಮೇಲೇ ತುಕ್ಕು ಹಿಡಿದು ಕಿತ್ತಳೆ ಚುಕ್ಕೆ ಬೀಳುತ್ತವೆ. ಸೆರಾಮಿಕ್ ಇದಕ್ಕೆ ಪೂರ್ತಿ ಉಲ್ಟಾ. ಸದ್ದಿಲ್ಲ, ಧೂಳು ಕಡಿಮೆ, ಬಿದ್ದ ಧೂಳೂ ತಿಳಿ ಬಣ್ಣದ್ದು. ಬೆಲೆ ಜಾಸ್ತಿ, ಮಳೆಯ ಬೆಳಿಗ್ಗೆ ಮೊದಲ ಒಂದೆರಡು ಬ್ರೇಕ್ ಸ್ವಲ್ಪ ಮಂದ ಅನಿಸಿತು. ಕಂಪನಿಯಿಂದಲೇ ನನ್ನ ಕಾರಿಗೆ ಬಂದಿದ್ದ ಆರ್ಗ್ಯಾನಿಕ್ ಪ್ಯಾಡ್ ಮೆದು, ಸದ್ದು ಕಡಿಮೆ, ಧೂಳು ಮಧ್ಯಮ. ಘಟ್ಟದಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಸುಟ್ಟ ವಾಸನೆ ಬರುತ್ತದೆ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಅಷ್ಟು ಇಳಿತವನ್ನು ಬರೀ ಪ್ಯಾಡ್ ತಡೆಯಬೇಕು ಅಂದರೆ ಹೇಗೆ? ಸೆಕೆಂಡ್ ಗೇರಿನಲ್ಲಿ ಇಳಿದರೆ ವಾಸನೆಯ ಮಾತೇ ಇಲ್ಲ.

ನಾನು ಮತ್ತೆ ಹಾಕಿಸಿದ್ದು ಆರ್ಗ್ಯಾನಿಕ್ಕೇ. ತುಂಬಿದ ಗಾಡಿಯಲ್ಲಿ ದಿನಾ ಅರಬೈಲ್ ಘಟ್ಟ ಇಳಿಯುವ ಯಲ್ಲಾಪುರದವರಾದರೆ ಸದ್ದು ಸಹಿಸಿಕೊಂಡು ಸೆಮಿ ಮೆಟಾಲಿಕ್ ಹಾಕಿಸಿ ಅನ್ನುತ್ತೇನೆ. ಅಂಕೋಲಾ–ಕಾರವಾರ ಅಷ್ಟೇ ಓಡಾಟ, ಅಲಾಯ್ ಚಕ್ರದ ಮೇಲೆ ಪ್ರೀತಿ ಅನ್ನುವವರಿಗೆ ಸೆರಾಮಿಕ್. ಯಾವುದೇ ಹಾಕಿಸಿ, ಹೊಸ ಪ್ಯಾಡನ್ನು ಡಿಸ್ಕಿಗೆ ಕೂರಿಸಬೇಕು. ಹಿಂದೆ ಗಾಡಿ ಇಲ್ಲದ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಹೀಗೆ 8–10 ಸಲ, ಆಮೇಲೆ ತಣಿಯಲು ಬಿಡಿ. ಇದನ್ನು ಬಿಟ್ಟರೆ ಒಳ್ಳೆ ಪ್ಯಾಡೂ ಕಿರುಚುತ್ತದೆ.

ಚಕ್ರ ತೊಳೆಯುವುದರಲ್ಲಿ ವಾರಕ್ಕೊಮ್ಮೆ ಕಾರ್ ಶಾಂಪೂ, ಮೆದು ಬ್ರಷ್ ಇದ್ದರೆ ಬೇರೆ ಏನೂ ಬೇಡ. ಬಿಟ್ಟು ಬಿಟ್ಟು ತೊಳೆಯುವವರಿಗೆ ಐರನ್ ರಿಮೂವರ್ ಬೇಕಾಗುತ್ತದೆ. ತಣ್ಣಗಿನ ಚಕ್ರಕ್ಕೆ ಸಿಂಪಡಿಸಿ ಕಾದರೆ ಕಬ್ಬಿಣದ ಕಣ ಇದ್ದಲ್ಲೆಲ್ಲ ನೇರಳೆ ಬಣ್ಣ ಒಡೆದು ಕಡ್ಡಿಗಳ ಮೇಲಿಂದ ಇಳಿಯುತ್ತದೆ. ವಾಸನೆ ಕೆಟ್ಟದು, ಕೆಲಸ ಗಟ್ಟಿ. ಒಣಗುವ ಮೊದಲೇ ನೀರು ಹೊಡೆಯಿರಿ. ಟೈಲ್ಸ್ ತೊಳೆಯುವ ಆಸಿಡ್ ಮಾತ್ರ ಹತ್ತಿರ ತರಬೇಡಿ, ಅಲಾಯ್ ಮಂಕಾಗುತ್ತದೆ. ಸದ್ದಿಗೆ ಅಂತ ಡಿಸ್ಕಿಗೆ ಎಣ್ಣೆ ಸಿಂಪಡಿಸುವುದನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ, ಬ್ರೇಕ್ ಹಿಡಿಯುವುದೇ ಇಲ್ಲ, ಜೀವಕ್ಕೆ ಅಪಾಯ.

ತೊಳೆದ ಕೂಡಲೇ ಗಾಡಿ ನಿಲ್ಲಿಸಿಬಿಡಬೇಡಿ. ಒಂದು ಸುತ್ತು ಹೋಗಿ ನಾಲ್ಕು ಸಲ ಬ್ರೇಕ್ ಹಿಡಿದು ಡಿಸ್ಕ್ ಒಣಗಿಸಿ ಬನ್ನಿ. ಮಳೆಗಾಲದಲ್ಲಿ ಎರಡು ಮೂರು ದಿನ ಗಾಡಿ ತೆಗೆಯುವುದಿಲ್ಲ ಅಂದರೆ ಹ್ಯಾಂಡ್‌ಬ್ರೇಕ್ ಎಳೆಯುವುದು ಬೇಡ, ಹಿಂಚಕ್ರದ ಬ್ರೇಕ್ ಡ್ರಮ್ಮಿಗೆ ಅದರೊಳಗಿನ ಉಜ್ಜುವ ಪಟ್ಟಿ, ಅಂದರೆ ಲೈನರ್ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ.