ಬಿಳಿ ಸೀಸನ್‌ನ ಎಂಟು ವರ್ಷ: ನಮ್ಮ ಹಾಲಿಡೇ ಮೆಂಬರ್‌ಶಿಪ್ ಅನುಭವ

ಫಾರಂನಲ್ಲಿ "ಉದ್ಯೋಗ" ಅಂತ ಒಂದು ಸಾಲು ಇತ್ತು. ಅಲ್ಲಿ ನಾನು ಕೈಯಾರೆ "ಹೈಸ್ಕೂಲ್ ಗಣಿತ ಶಿಕ್ಷಕಿ" ಎಂದು ಬರೆದಿದ್ದೆ. ಎದುರಿಗೆ ಕೂತಿದ್ದ ಹುಡುಗ ಅದನ್ನು ಓದಿದ. "ಟೀಚರ್ಸ್ ಅಂದ್ರೆ ನಮಗೆ ತುಂಬಾ ಗೌರವ ಮೇಡಂ" ಅಂದ. ಆಮೇಲೆ ನನಗೆ ಬಿಳಿ ಸೀಸನ್ ಮಾರಿದ.

ಈ ಮೆಂಬರ್‌ಶಿಪ್‌ಗಳಲ್ಲಿ ಒಮ್ಮೆ ದೊಡ್ಡ ಮೊತ್ತ ಕೊಟ್ಟು, ಮೇಲೆ ವರ್ಷವರ್ಷವೂ ಶುಲ್ಕ ಕಟ್ಟಿದರೆ, ವರ್ಷಕ್ಕೆ ಇಷ್ಟು ರಾತ್ರಿ ಅಂತ ಕಂಪನಿಯ ರೂಮ್‌ಗಳಲ್ಲಿ ಉಳಿಯಬಹುದು. ವರ್ಷವನ್ನು ಬಣ್ಣಗಳಾಗಿ ಹಂಚಿರುತ್ತಾರೆ. ಜನ ಮುಗಿಬೀಳುವ ದಿನಗಳು ಕೆಂಪು. ಸಾಧಾರಣ ದಿನಗಳು ಬಿಳಿ. ನಮ್ಮ ಅಗ್ರಿಮೆಂಟ್‌ನ ಬಿಳಿಯಲ್ಲಿ ಏಪ್ರಿಲ್, ಮೇ ಇಲ್ಲ. ದಸರಾ ಇಲ್ಲ. ಡಿಸೆಂಬರ್ ಕೊನೆಯ ವಾರವೂ ಇಲ್ಲ. ನಮ್ಮ ಶಾಲೆಗೆ ರಜೆ ಇರುವ ದಿನಗಳನ್ನೆಲ್ಲ ತೆಗೆದುಬಿಟ್ಟರೆ ಏನು ಉಳಿಯುತ್ತದೋ ಅದೇ ಬಿಳಿ ಸೀಸನ್. ನಾನು ಟೀಚರ್ ಅಂತ ಗೊತ್ತಿದ್ದೂ ಅದನ್ನೇ ಕೊಟ್ಟರಲ್ಲ, ಆ ನೋವು ಎಂಟು ವರ್ಷ ಆದರೂ ಹೋಗಿಲ್ಲ.

2017ರ ಜನವರಿಯ ಮಾತು. ದಾವಣಗೆರೆಯಲ್ಲಿ ಒಂದು ಗೃಹೋಪಯೋಗಿ ವಸ್ತು ಪ್ರದರ್ಶನಕ್ಕೆ ಹೋದಾಗ ಲಕ್ಕಿ ಡ್ರಾ ಕೂಪನ್ ತುಂಬಿ ಬಂದಿದ್ದೆವು. ವಾರ ಕಳೆದ ಮೇಲೆ ಫೋನ್ ಬಂತು. ಮೂರು ದಿನ ಎರಡು ರಾತ್ರಿಯ ವಾಸ್ತವ್ಯ ಉಚಿತವಾಗಿ ಸಿಕ್ಕಿದೆ, ಭಾನುವಾರ ಪಿ.ಬಿ. ರಸ್ತೆಯ ಹೋಟೆಲಿಗೆ ಬಂದು ವೋಚರ್ ತಗೊಳ್ಳಿ ಅಂದರು. ಒಂದೇ ಷರತ್ತು, ಗಂಡ ಹೆಂಡತಿ ಇಬ್ಬರೂ ಬರಬೇಕು. ಯಾಕೆ ಅಂತ ಆಗ ಯೋಚಿಸಲಿಲ್ಲ. ಒಬ್ಬರೇ ಹೋದರೆ "ಮನೇಲಿ ಕೇಳಿ ಹೇಳ್ತೀನಿ" ಅಂತ ಎದ್ದು ಬರಬಹುದು. ಇಬ್ಬರೂ ಕೂತಿದ್ದರೆ ಆ ಮಾತಿಗೆ ಜಾಗ ಇರುವುದಿಲ್ಲ.

ಒಂದು ಗಂಟೆ ಅಂದಿದ್ದು ನಾಲ್ಕು ಗಂಟೆ ಆಯಿತು. ಮಗನಿಗೆ ಬಣ್ಣದ ಪೆನ್ಸಿಲು ಕೊಟ್ಟು ಬೇರೆ ಕಡೆ ಕೂರಿಸಿದರು. ಯಾರಾದರೂ ಸಹಿ ಹಾಕಿದಾಗಲೆಲ್ಲ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾವು ಬೇಡ ಅಂದಾಗ ಮ್ಯಾನೇಜರ್ ಬಂದು ಬೆಲೆ ಇಳಿಸಿದರು. ಮತ್ತೂ ಬೇಡ ಅಂದಾಗ ಇನ್ನೊಬ್ಬರು ಬಂದರು. ಈ ರೇಟು ಇವತ್ತು ಮಾತ್ರ, ಹೊರಗೆ ಹೋಗಿ ಬಂದರೆ ಸಿಗುವುದಿಲ್ಲ ಎಂದರು. ಕೊನೆಗೆ 3,20,000 ರೂಪಾಯಿ, 25 ವರ್ಷ, ವರ್ಷಕ್ಕೆ 7 ರಾತ್ರಿ. ಕಾರ್ಡ್ ಉಜ್ಜಿ ಮುಂಗಡ ಕೊಟ್ಟೆವು, ಉಳಿದದ್ದು ಇಎಂಐ.

ಮನೆಗೆ ಬಂದು ಹೇಳಿದಾಗ ಮಾವ ಒಂದೇ ಪ್ರಶ್ನೆ ಕೇಳಿದರು. "ಖಾತೆ ಯಾರ ಹೆಸರಲ್ಲಿ ಐತಮ್ಮ?" ಮಾವ ಕಾಟನ್ ಮಿಲ್ಲಿನಲ್ಲಿ ದುಡಿದವರು. ಒಂದು 30-40ರ ಸೈಟು ತೆಗೆದುಕೊಳ್ಳುವುದಕ್ಕೆ ಉಪನೋಂದಣಿ ಕಚೇರಿಗೆ ಎಷ್ಟು ಸಲ ಅಲೆದರು ಅಂತ ಈಗಲೂ ಹೇಳುತ್ತಾರೆ. ನಮ್ಮ ಹತ್ತಿರ ಅವರಿಗೆ ತೋರಿಸಲು ಖಾತೆ ಇರಲಿಲ್ಲ, ಕ್ರಯಪತ್ರ ಇರಲಿಲ್ಲ. "ಓನರ್‌ಶಿಪ್, ಓನರ್‌ಶಿಪ್" ಅಂತ ಹೋಟೆಲಿನಲ್ಲಿ ನೂರು ಸಲ ಕೇಳಿದ್ದೆವು. ಅಗ್ರಿಮೆಂಟ್‌ನಲ್ಲಿ ಆ ಪದವೇ ಇರಲಿಲ್ಲ. ಅಲ್ಲಿದ್ದದ್ದು "ಬಳಸುವ ಹಕ್ಕು". ಅಂದರೆ ರೂಮ್ ಖಾಲಿ ಇದ್ದರೆ, ನಿಮ್ಮ ಬಣ್ಣದ ದಿನ ಆಗಿದ್ದರೆ, ನಿಮಗಿಂತ ಮುಂಚೆ ಯಾರೂ ಬುಕ್ ಮಾಡದೇ ಇದ್ದರೆ ಉಳಿದುಕೊಳ್ಳಬಹುದು.

ಜನ ಇದನ್ನು ಆಸ್ತಿ ಅಂದುಕೊಳ್ಳುವುದು ಇಲ್ಲಿಯೇ. ಬ್ಯಾಂಕಿನವರು ಇದನ್ನು ಅಡ ಇಟ್ಟುಕೊಂಡು ಸಾಲ ಕೊಡುವುದಿಲ್ಲ. ಸೈಟಿನ ಹಾಗೆ ಇದರ ಬೆಲೆ ಏರುವುದಿಲ್ಲ. ನಾವು ಮಾರಲು ನೋಡಿದೆವು, ಕೊಂಡ ಬೆಲೆಯ ಕಾಲು ಭಾಗಕ್ಕೂ ಕೇಳುವವರಿರಲಿಲ್ಲ. ಮಕ್ಕಳಿಗೆ ಹೋಗುತ್ತದೆ ಅನ್ನುವುದು ನಿಜ. ಅದರ ಜೊತೆಗೆ ವರ್ಷದ ಶುಲ್ಕವೂ ಮಕ್ಕಳಿಗೇ ಹೋಗುತ್ತದೆ. ಅದನ್ನು ಯಾರೂ ಹೇಳಲಿಲ್ಲ.

ನಮ್ಮ ಮನೆಯವರ ಸ್ನೇಹಿತರೊಬ್ಬರು, "ಉಪಯೋಗಿಸದೇ ಇದ್ದರೆ ಬಡ್ಡಿ ಸೇರಿಸಿ ವಾಪಸ್ ಕೊಡೋ ಕಂಪನಿಗಳೂ ಇದ್ದಾವಲ್ಲ, ಅಂಥದ್ದು ತಗೋಬೇಕಿತ್ತು" ಅಂದರು. ದಯವಿಟ್ಟು ಆ ಕಡೆ ತಲೆಯನ್ನೂ ಹಾಕಬೇಡಿ. ಹೋಟೆಲ್ ರಾತ್ರಿಗಳ ಹೆಸರಲ್ಲಿ ಹಣ ತೆಗೆದುಕೊಂಡು ಹೆಚ್ಚಿಗೆ ವಾಪಸ್ ಕೊಡುತ್ತೇವೆ ಎನ್ನುತ್ತಿದ್ದ ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿಯ ಮೇಲೆ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲಿ ಆದೇಶ ಹೊರಡಿಸಿತು. ಅದು ರಜೆಯ ಮೆಂಬರ್‌ಶಿಪ್ ಅಲ್ಲ, ಅನುಮತಿ ಇಲ್ಲದೆ ನಡೆಸುತ್ತಿದ್ದ ಹೂಡಿಕೆ ಯೋಜನೆ ಎಂದಿತು. ಆಗ ಲಕ್ಷಾಂತರ ಜನರ ದುಡ್ಡು ಸಿಕ್ಕಿಹಾಕಿಕೊಂಡಿತು.

ಇನ್ನು ಅವತ್ತು ಹೋಟೆಲಿನಲ್ಲಿ ಆ ಹುಡುಗ ಬಿಳಿ ಹಾಳೆಯ ಮೇಲೆ ಬರೆದು ತೋರಿಸಿದ ಲೆಕ್ಕ. ಇದನ್ನು ಪೂರ್ತಿ ಹೇಳಲೇಬೇಕು. ಹುಡುಗ ಕೇಳಿದ, "ವರ್ಷಕ್ಕೆ ಪ್ರವಾಸದ ಹೋಟೆಲಿಗೆ ಎಷ್ಟು ಖರ್ಚು ಮಾಡ್ತೀರಿ?" 30,000 ಅಂದೆವು. ಹೋಟೆಲ್ ದರ ವರ್ಷಕ್ಕೆ ಶೇ 10 ಏರುತ್ತದೆ ಅಂತ ಹಿಡಿದು 25 ವರ್ಷ ಕೂಡಿಸಿದ. 29 ಲಕ್ಷದ 50 ಸಾವಿರ ಬಂತು. ಅದಕ್ಕೆ ದೊಡ್ಡ ಸುತ್ತು ಹಾಕಿ, ಪಕ್ಕದಲ್ಲಿ 3,20,000 ಎಂದು ಬರೆದ. ಕೂಡಿಸಿದ್ದು ತಪ್ಪಿಲ್ಲ. ನಾನೇ ಮನೆಗೆ ಬಂದು ಮತ್ತೆ ಮಾಡಿ ನೋಡಿದೆ, ಸರಿಯಾಗಿದೆ. ಆದರೆ ಹೋಟೆಲ್ ದರ ಏರುತ್ತದೆ ಎಂದವನು ವಾರ್ಷಿಕ ಶುಲ್ಕ ಏರುತ್ತದೆ ಎಂದು ಬರೆಯಲಿಲ್ಲ. ಮೊದಲ ವರ್ಷ ನಮ್ಮ ಶುಲ್ಕ 11,800. ಅದೇ ಶೇ 10ರ ಹಾಗೆ 25 ವರ್ಷ ಕೂಡಿಸಿ ನೋಡಿ, 11 ಲಕ್ಷದ 60 ಸಾವಿರ ಆಗುತ್ತದೆ. ಅದಕ್ಕೆ ಮೂರು ಲಕ್ಷದ ಇಪ್ಪತ್ತು ಸಾವಿರ ಸೇರಿಸಿದರೆ 14 ಲಕ್ಷದ 80 ಸಾವಿರ. ಅವನು ಸುತ್ತು ಹಾಕಿದ ಮೊತ್ತದ ಹೆಚ್ಚುಕಡಿಮೆ ಅರ್ಧ. ಅಂದರೆ ಅವರದೇ ಲೆಕ್ಕ ನಂಬಿದರೂ, ನಿಮಗೆ ಬರಬೇಕಾದ ರಾತ್ರಿಗಳಲ್ಲಿ ಅರ್ಧ ಸಿಗದೇ ಹೋದರೆ ಒಂದು ರೂಪಾಯಿಯೂ ಉಳಿಯುವುದಿಲ್ಲ.

ನಮಗೆ ಸಿಕ್ಕಿದ್ದು ಎಷ್ಟು? 2024ರ ಕೊನೆಗೆ 8 ವರ್ಷ, 56 ರಾತ್ರಿ ಬರಬೇಕಿತ್ತು. ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ, 27 ರಾತ್ರಿ. ಮೇ ತಿಂಗಳಿಗೆ ಕೇಳಿದರೆ "ಅಪ್‌ಗ್ರೇಡ್ ಮಾಡಿಸಿ". ದಸರಾಕ್ಕೆ ಕೇಳಿದರೂ "ಅಪ್‌ಗ್ರೇಡ್ ಮಾಡಿಸಿ". ಮೊದಲ ಎರಡು ವರ್ಷ ನಮ್ಮ ಅದೃಷ್ಟ ಸರಿಯಿಲ್ಲ ಅಂದುಕೊಂಡೆವು. 2018ರ ಆಗಸ್ಟಿಗೆ ಮಡಿಕೇರಿಯಲ್ಲಿ ರೂಮ್ ಸಿಕ್ಕಿತ್ತು. ಅದೇ ತಿಂಗಳು ಕೊಡಗಿನಲ್ಲಿ ಗುಡ್ಡ ಕುಸಿದು ಅಲ್ಲಿಯ ಜನರೇ ಮನೆ ಕಳೆದುಕೊಂಡರು. ನಮ್ಮ ಪ್ರವಾಸದ ಮಾತು ಆಗ ಯಾರಿಗೆ ಬೇಕಿತ್ತು? 2020, 2021 ಕೊರೊನಾದಲ್ಲಿ ಹೋಯಿತು. ಆ ವರ್ಷಗಳ ಶುಲ್ಕ ಮಾತ್ರ ತಪ್ಪಲಿಲ್ಲ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಎಂಟು ವರ್ಷಕ್ಕೆ ಶುಲ್ಕವೇ 1,22,200 ಆಗಿದೆ. ಮೂಲ ಹಣದಲ್ಲಿ ಎಂಟು ವರ್ಷದ ಪಾಲು 1,02,400. ಎರಡನ್ನೂ ಕೂಡಿಸಿ 27ರಿಂದ ಭಾಗಿಸಿದರೆ ಒಂದು ರಾತ್ರಿಗೆ 8,300 ದಾಟುತ್ತದೆ. ಇಎಂಐ ಬಡ್ಡಿ, ಊಟ ಸೇರಿಸಿಲ್ಲ. ಕಳೆದ ಜುಲೈಯಲ್ಲಿ ಅದೇ ರೂಮು ಮೆಂಬರ್ ಅಲ್ಲದವರಿಗೆ ಮೊಬೈಲಿನಲ್ಲಿ 5,800ಕ್ಕೆ ಸಿಗುತ್ತಿತ್ತು. ಆ ಉಚಿತ ವೋಚರ್ ಏನಾಯಿತು ಅಂದಿರಾ? ಶನಿವಾರ, ಭಾನುವಾರ ನಡೆಯುವುದಿಲ್ಲ, ಆರು ತಿಂಗಳೊಳಗೆ ಮುಗಿಸಬೇಕು, ನಿರ್ವಹಣಾ ವೆಚ್ಚ ಬೇರೆ. ನಾವು ಬಿಟ್ಟೆವು.

ಹೀಗೆಲ್ಲ ಆದ ಮೇಲೂ ನಾನು ಶುಲ್ಕ ಕಟ್ಟುತ್ತಾ ಬಂದಿರುವುದಕ್ಕೆ ಒಂದು ಕಾರಣ ಇದೆ. ರೂಮಿನಲ್ಲಿರುವ ಒಲೆ.

ನಮ್ಮ ಅತ್ತೆ ಮದುವೆಯಾದಾಗಿನಿಂದ ನೆಂಟರ ಮನೆ ಬಿಟ್ಟು ಬೇರೆಲ್ಲೂ ರಾತ್ರಿ ಉಳಿದವರಲ್ಲ. ಬೆಳಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ ಆಗದೆ ಹನಿ ನೀರು ಕುಡಿಯುವುದಿಲ್ಲ. ಹೋಟೆಲಿನ ಅನ್ನ ಮುಟ್ಟುವುದಿಲ್ಲ. ಹಾಗಾಗಿ ಪ್ರವಾಸ ಎಂದರೆ ಅವರು ಮನೆ ಕಾಯುವುದು ಎಂದೇ ಅರ್ಥ. 2019ರ ಜುಲೈಯಲ್ಲಿ ಬಿಳಿ ಸೀಸನ್ ವ್ಯರ್ಥ ಆಗುತ್ತಲ್ಲ ಅಂತ ನಮ್ಮ ಮನೆಯವರು ಅಪ್ಪ ಅಮ್ಮನನ್ನು ಮಡಿಕೇರಿಗೆ ಕರೆದುಕೊಂಡು ಹೋದರು. ನನಗೆ ಶಾಲೆ, ನಾನು ಮಗ ಇಲ್ಲೇ ಉಳಿದೆವು. ರಾತ್ರಿ ಫೋನಿನಲ್ಲಿ ಅತ್ತೆ ಮೊದಲು ಹೇಳಿದ್ದು ಮಂಜು ಮಳೆಯ ವಿಷಯ ಅಲ್ಲ. "ಇಲ್ಲಿ ಅಡುಗೆಮನಿ ಐತೆ ಕಣವ್ವಾ!"

ಆ ಸಲ ಒಯ್ದಿದ್ದ ಅಲ್ಯುಮಿನಿಯಂ ಕುಕ್ಕರ್ ಅಲ್ಲಿಯ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗಲಿಲ್ಲ. ಈಗ ಅದಕ್ಕೆಂದೇ ಒಂದು ಸ್ಟೀಲ್ ಕುಕ್ಕರ್ ಇದೆ, ಒಂದು ಕಬ್ಬಿಣದ ಹಂಚು ಇದೆ. ಅಲ್ಲಿಯ ಪಾತ್ರೆ ಮುಟ್ಟುವುದಿಲ್ಲ, ಎಲ್ಲ ಮನೆಯಿಂದಲೇ. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಕೆಂಪು ಖಾರ, ಪೂಜೆಗೆ ಒಂದು ಚಿಕ್ಕ ಮಣೆ. ನಮ್ಮೂರ ಮಂಡಕ್ಕಿ ಮಾತ್ರ ಸ್ಟೀಲ್ ಡಬ್ಬಿಯಲ್ಲೇ ಹೋಗಬೇಕು, ಮಡಿಕೇರಿ ಮಳೆಗಾಲದ ಗಾಳಿಗೆ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ.

ಒಂದು ವರ್ಷ ಮೂರು ದಿನ ಸಿ.ಎಲ್. ಹಾಕಿ ನಾನೂ ಹೋಗಿದ್ದೆ. ಬೆಳಗ್ಗೆ ಐದಕ್ಕೆ ಹೊರಟು ಹಾಸನ, ಸೋಮವಾರಪೇಟೆ ದಾಟಿ ಮಧ್ಯಾಹ್ನ ಊಟದ ಹೊತ್ತಿಗೆ ತಲುಪಿದೆವು. ಮರುದಿನ ಎದ್ದಾಗ ಅತ್ತೆ ಪೂಜೆ ಮುಗಿಸಿ ರೊಟ್ಟಿ ಬಡಿಯುತ್ತಿದ್ದರು. ಉರಿ ಇಲ್ಲದ ಒಲೆ, ರೊಟ್ಟಿ ಉಬ್ಬುವುದು ಹೇಗೆ? ಒದ್ದೆ ಬಟ್ಟೆಯಿಂದ ಅಂಚು ಒತ್ತಿ ಒತ್ತಿ ಉಬ್ಬಿಸುವುದನ್ನು ಅವರೇ ಕಂಡುಕೊಂಡಿದ್ದಾರೆ. ಮಾವ ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತಿದ್ದರು. ಎದುರಿಗೆ ಮಂಜು, ಏನೂ ಕಾಣುತ್ತಿರಲಿಲ್ಲ. ಅತ್ತೆ ತಟ್ಟೆ ಕೊಟ್ಟು ಅವರ ಪಕ್ಕದಲ್ಲೇ ಕೂತರು. ಬಡಿಸಿದ ತಕ್ಷಣ ಅತ್ತೆ ತಾವೂ ಕೂತಿದ್ದನ್ನು ನಮ್ಮ ಮನೆಯಲ್ಲಿ ನಾನು ಎಂದೂ ನೋಡಿಲ್ಲ. ಆ ಬೆಳಗ್ಗೆಗೆ ನಾನು ಬೆಲೆ ಕಟ್ಟಲಾರೆ.

ಆದರೆ ಅದು ನಮ್ಮ ಮನೆಯ ಸಂಗತಿ. ನಿವೃತ್ತರಾದವರು, ಮಳೆಗಾಲದಲ್ಲೂ ಬಿಡುವಿರುವವರು, ರೂಮಿನಲ್ಲಿ ಅಡುಗೆ ಬೇಕೆನ್ನುವವರು, ವರ್ಷಕ್ಕೊಮ್ಮೆ ತಪ್ಪದೆ ಹೋಗುವವರು, ಇಂಥವರಿಗೆ ಬಿಳಿ ಸೀಸನ್ ಹೊಂದುತ್ತದೆ. ಅವರೂ ಸಾಲ ಮಾಡಿ ಸೇರಬಾರದು. ಶಾಲೆ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ, ನೀವೇ ಟೀಚರ್ ಆಗಿದ್ದರೆ, ಬೇಡ. ಐದರಲ್ಲಿ ನಾನು ಕೊಡುವುದು ಎರಡು ಸ್ಟಾರ್. ಎರಡೂ ಆ ಒಲೆಗೆ.

ಈಗಾಗಲೇ ಸಹಿ ಹಾಕಿ ಬಂದಿದ್ದರೆ ಇವತ್ತೇ ಅಗ್ರಿಮೆಂಟ್ ತೆಗೆದು ರದ್ದು ಮಾಡಲು ಎಷ್ಟು ದಿನ ಇದೆ ಅಂತ ನೋಡಿ. ನಮ್ಮದರಲ್ಲಿ 10 ದಿನ ಇತ್ತು, ಗೊತ್ತಾದದ್ದು ಎರಡು ತಿಂಗಳ ಮೇಲೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಒಕ್ಕೂಟದ 2008ರ ನಿರ್ದೇಶನದ ಪ್ರಕಾರ 14 ದಿನ ಮನಸ್ಸು ಬದಲಿಸಬಹುದು, ಆ 14 ದಿನ ಮುಂಗಡ ತೆಗೆದುಕೊಳ್ಳುವ ಹಾಗೇ ಇಲ್ಲ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ, ಅಂದರೆ ಇಂಥ ಮೆಂಬರ್‌ಶಿಪ್‌ಗಳಿಗೆಂದೇ, ಪ್ರತ್ಯೇಕ ಕಾಯ್ದೆ ಇಲ್ಲ, ಹಾಗಾಗಿ ರದ್ದು ಮಾಡುವ ದಿನಗಳ ವಿಷಯದಲ್ಲಿ ಅಗ್ರಿಮೆಂಟ್‌ನಲ್ಲಿ ಬರೆದದ್ದನ್ನೇ ನೋಡಬೇಕು. ಮಾರುವವರು ಬಾಯಲ್ಲಿ ಹೇಳಿದ್ದನ್ನು ಅಲ್ಲೇ ಕೂತು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. "ಮೇ ತಿಂಗಳಲ್ಲಿ ಸಿಗುತ್ತದೆ" ಎಂದು ಬರೆದು ಕಳಿಸಿ ಅಂತ ಕೇಳಿ, ಅವರ ಮುಖ ನೋಡಿ.

ಮೋಸ ಆಗಿದೆ ಅನಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಮ್ಮ ಅಗ್ರಿಮೆಂಟ್‌ನಲ್ಲಿ ದೂರದ ಊರಿನ ಕೋರ್ಟಿನಲ್ಲೇ ವ್ಯಾಜ್ಯ ಎಂದು ಬರೆದಿತ್ತು, ಅದನ್ನು ಓದಿ ನಾವು ಹೆದರಿ ಸುಮ್ಮನಾದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ತೊಂದರೆ ಶುರುವಾದ ಎರಡು ವರ್ಷದೊಳಗೆ ಹೋಗಬೇಕು. ಅದೃಷ್ಟ ಸರಿಯಿಲ್ಲ ಎಂದುಕೊಂಡು ನಾವು ಕಳೆದದ್ದು ಆ ಎರಡು ವರ್ಷವನ್ನೇ.

ಇನ್ನೊಂದು ಎಚ್ಚರ. "ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ಸಿಕ್ಕಿದ್ದಾರೆ, ನಾಲ್ಕು ಲಕ್ಷ ಕೊಡ್ತಾರೆ, ಟ್ರಾನ್ಸ್‌ಫರ್ ಖರ್ಚು 18,000 ಮೊದಲು ಹಾಕಿ" ಅಂತ ನಮಗೆ ಮೂರು ಸಲ ಫೋನ್ ಬಂದಿದೆ. ಒಮ್ಮೆ ನಮ್ಮ ಮನೆಯವರು ಹಾಕುವುದರಲ್ಲಿದ್ದರು. "ಬರೋ ನಾಲ್ಕು ಲಕ್ಷದಲ್ಲೇ ಮುರ್ಕೊಳ್ರಿ" ಅಂದೆ. ಫೋನ್ ಕಟ್ ಆಯಿತು.

ಈ ವರ್ಷದ ಶುಲ್ಕದ ಮೆಸೇಜ್ ಬಂದಿದೆ, 20,900. ಅತ್ತೆಗೆ ಈಗ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ. ಜುಲೈ ಎರಡನೇ ವಾರಕ್ಕೆ ನೆಲಮಹಡಿಯ ರೂಮ್ ಕೇಳಿದ್ದೇನೆ, ವೇಟಿಂಗ್ ಲಿಸ್ಟ್‌ನಲ್ಲಿದೆ. ಹಂಚು ಮಾತ್ರ ಈಗಾಗಲೇ ಎಣ್ಣೆ ಸವರಿಸಿಕೊಂಡು, ಪೇಪರ್ ಸುತ್ತಿಸಿಕೊಂಡು ಅಟ್ಟದಿಂದ ಕೆಳಗೆ ಬಂದಿದೆ.