‘ಈಜುಕೊಳಕ್ಕೂ ಸಮುದ್ರಕ್ಕೂ ಒಂದೇ ಸೆಟ್’ ಅಂತ ಫ್ರೀಡೈವಿಂಗ್ ಸಾಮಾನು ಮಾರಿದರೆ ತಗೋಬೇಡಿ

ಫ್ರೀಡೈವಿಂಗ್, ಅಂದ್ರೆ ಒಂದೇ ಉಸಿರು ಕಟ್ಟಿ ನೀರಿನಾಳಕ್ಕೆ ಇಳಿಯುವುದರ ಕೋರ್ಸ್ ಮುಗಿಸಿ, ಇನ್ನು ಸ್ವಂತ ಸಾಮಾನು ತಗೋಬೇಕು ಅಂತ ಹುಡುಕ್ತಾ ಇರುವವರಿಗಾಗಿ ಇದು. ಮಾಸ್ಕ್, ಉಸಿರಾಡುವ ಕೊಳವೆ ಸ್ನಾರ್ಕೆಲ್, ಕಾಲಿಗೆ ಹಾಕುವ ರೆಕ್ಕೆ ಫಿನ್ಸ್, ವೆಟ್‌ಸೂಟ್, ಸೀಸದ ತುಂಡು ಹಾಕಿದ ಬೆಲ್ಟ್, ಎಲ್ಲಾ ಒಂದೇ ಚೀಲಕ್ಕೆ ತುಂಬಿ ‘ಪೂರ್ತಿ ಸೆಟ್, ಕೊಳಕ್ಕೂ ಆಗುತ್ತೆ, ಸಮುದ್ರಕ್ಕೂ ಆಗುತ್ತೆ’ ಅಂತ ಮಾರುವವರಿದ್ದಾರೆ. ನನಗೆ ಕೊಟ್ಟಿದ್ದೂ ಅಂಥದ್ದೇ. ಮಾರಿದವರ ಹೆಸರು ಹೇಳಲ್ಲ, ಹೇಳಿ ಪ್ರಯೋಜನವೂ ಇಲ್ಲ, ಇದೇ ಥರದ ಚೀಲ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಒಳಗಿದ್ದ ಸಾಮಾನೆಲ್ಲ ಕಳಪೆ ಅಂತಲ್ಲ. ಸಿಲಿಂಡರ್ ಹೊತ್ತು ಸ್ಕೂಬಾ ಮಾಡುವವರಿಗೋ, ಮೇಲೆ ತೇಲಿಕೊಂಡು ಮೀನು ನೋಡುವವರಿಗೋ ಚೆನ್ನಾಗೇ ಆಗುತ್ತಿತ್ತು. ಉಸಿರು ಕಟ್ಟಿ ಆಳಕ್ಕೆ ಇಳಿಯುವವರಿಗೆ ಮಾತ್ರ ಆಗುವಂಥದ್ದಲ್ಲ.

ಮೊದಲು ತೂಕದ, ಅಂದ್ರೆ ಮೈ ತೇಲದಂತೆ ಸೊಂಟಕ್ಕೆ ಕಟ್ಟುವ ಸೀಸದ ವಿಷಯ ಹೇಳ್ತೀನಿ, ಯಾಕಂದ್ರೆ ಜೀವಕ್ಕೆ ಸಂಚಕಾರ ಬರುವುದು ಅಲ್ಲೇ. ಮಾರಿದವರು ನನಗೆ ಎಷ್ಟು ಸೀಸ ಬೇಕು ಅಂತ ಈಜುಕೊಳದಲ್ಲೇ ನೋಡಿ ಕೊಟ್ಟರು. 5 ಮಿಲಿಮೀಟರ್ ಸೂಟ್ ಹಾಕಿಕೊಂಡು, ಒಂದೂವರೆ ಮೀಟರ್ ಆಳದಲ್ಲಿ ಮೇಲಕ್ಕೂ ಏಳದೆ ಕೆಳಕ್ಕೂ ಜಾರದೆ ನಿಲ್ಲುವಷ್ಟು ಸೀಸ. ಕೊಳದ ಆ ತುದಿಯಿಂದ ಈ ತುದಿಗೆ ನೀರಿನಡಿ ಈಜುವುದಕ್ಕೆ ಆ ಲೆಕ್ಕ ಸರಿಯಾಗೇ ಇತ್ತು. ಆಮೇಲೆ ‘ಉಪ್ಪು ನೀರು ಜಾಸ್ತಿ ತೇಲಿಸುತ್ತೆ, ಸಮುದ್ರಕ್ಕೆ ಹೋಗುವಾಗ ಇನ್ನೆರಡು ತುಂಡು ಸೇರಿಸಿಕೊಳ್ಳಿ’ ಅಂದರು. ಉಪ್ಪು ನೀರು ಜಾಸ್ತಿ ತೇಲಿಸುವುದು ನಿಜವೇ. ಆದರೆ ಅದು ಅರ್ಧ ಮಾತು.

ಉಳಿದ ಅರ್ಧ ಇದು. ವೆಟ್‌ಸೂಟಿನ ನಿಯೋಪ್ರೀನ್ ಅನ್ನುವ ಮೆತ್ತನೆ ರಬ್ಬರಿನೊಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ನಮ್ಮನ್ನು ತೇಲಿಸುವುದು ಆ ಗುಳ್ಳೆಗಳು ಮತ್ತು ಎದೆಯೊಳಗಿನ ಗಾಳಿ. 10 ಮೀಟರ್ ಇಳಿದರೆ ಒತ್ತಡ ಮೇಲಿದ್ದದ್ದರ ಎರಡರಷ್ಟು, 20 ಮೀಟರಿಗೆ ಮೂರರಷ್ಟು. ಶ್ವಾಸಕೋಶದ ಗಾಳಿ 10 ಮೀಟರಿನಲ್ಲಿ ಅರ್ಧಕ್ಕೆ ಕುಗ್ಗುತ್ತೆ, 20ರಲ್ಲಿ ಮೂರನೇ ಒಂದು ಭಾಗಕ್ಕೆ. ಸೂಟೂ ಅಮುಕಿಕೊಂಡು ತೆಳ್ಳಗಾಗುತ್ತೆ. ಸೀಸ ಮಾತ್ರ ಎಷ್ಟಿತ್ತೋ ಅಷ್ಟೇ. ಅಂದ್ರೆ ಕೊಳದಲ್ಲಿ ಸರಿಯಾಗಿ ನಿಲ್ಲಿಸಿದ ಅದೇ ತೂಕ, ಆಳ ಹೆಚ್ಚಾದಂತೆ ನಮ್ಮನ್ನು ಕೆಳಕ್ಕೆ ಎಳೆಯುತ್ತೆ.

ನನಗಾಗಿದ್ದು ಇಷ್ಟು. ಸಮುದ್ರದಲ್ಲಿ, ತೇಲುಬುರುಡೆಯಿಂದ ಇಳಿಬಿಟ್ಟ ಹಗ್ಗ ಹಿಡಿದು ತಲೆಕೆಳಗಾಗಿ ಇಳಿಯುತ್ತಿದ್ದೆ. ಐದಾರು ಮೀಟರಿಗೇ ಕಾಲು ಆಡಿಸದಿದ್ದರೂ ಜಾರಲು ಶುರುವಾಯಿತು. ಸೆಟ್ಟಿನಲ್ಲಿದ್ದ ಬೆಲ್ಟ್ ನೈಲಾನಿನದ್ದು, ಎಳೆದರೆ ಹಿಗ್ಗದ ಪಟ್ಟಿ. ಆಳದಲ್ಲಿ ಸೂಟು, ಹೊಟ್ಟೆ ಎರಡೂ ಕುಗ್ಗಿದಾಗ ಅದು ಸಡಿಲವಾಗಿ, ತಲೆ ಕೆಳಗಿತ್ತಲ್ಲ, ಸೊಂಟದಿಂದ ಜಾರಿ ಪಕ್ಕೆಲುಬು ದಾಟಿ ಕಂಕುಳ ಹತ್ತಿರ ಬಂದು ಕೂತಿತು. ತಿರುಗಿ ಮೇಲಕ್ಕೆ ಹೊರಟೆ. ಕಾಲು ಎಷ್ಟು ಬಡಿದರೂ ಕಣ್ಣೆದುರಿನ ಹಗ್ಗದ ಗುರುತು ಅಲ್ಲೇ ಇದೆ. ಬೆಲ್ಟ್ ಬಿಚ್ಚೋಣ ಅಂತ ಹೊಟ್ಟೆಯ ಮೇಲೆ ಕೈ ಹಾಕಿದರೆ ಬಕಲ್ ಅಲ್ಲಿಲ್ಲ, ಪಟ್ಟಿ ತಿರುಗಿ ಅದು ಬೆನ್ನ ಹಿಂದೆ ಹೋಗಿತ್ತು. ಬಲ ಮೀನಖಂಡ ಹಿಡಿದುಕೊಂಡಿತು. ಕೊನೆಗೆ ಕಾಲು ಬಡಿಯುವುದು ಬಿಟ್ಟು, ಎರಡೂ ಕೈಯಲ್ಲಿ ಹಗ್ಗ ಜಗ್ಗಿಕೊಂಡು ಮೇಲೆ ಬಂದೆ. ಜೊತೆಗಿದ್ದ ಗೆಳತಿ ಅರ್ಧ ದಾರಿಗೇ ಇಳಿದು ಬಂದು, ಮುಖಕ್ಕೆ ಮುಖ ಕೊಟ್ಟುಕೊಂಡೇ ಮೇಲಿನವರೆಗೆ ಬಂದಳು. ತೇಲುಬುರುಡೆ ಹಿಡಿಸಿ, ಮಾಸ್ಕ್ ಕಿತ್ತು, ‘ಉಸಿರು ತಗೋ, ಉಸಿರು ತಗೋ’ ಅಂತ ಕೂಗಿದ್ದು ನೆನಪಿದೆ. ಪ್ರಜ್ಞೆ ತಪ್ಪಲಿಲ್ಲ, ತುಟಿ ಮಾತ್ರ ನೀಲಿಗಟ್ಟಿತ್ತಂತೆ. ಹಗ್ಗ ಇಲ್ಲದ ಕಡೆ, ಜೊತೆಗೆ ಯಾರೂ ಇಲ್ಲದೆ ಇಳಿದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸೋಕೂ ಇಷ್ಟ ಇಲ್ಲ.

ಹಾಗಾಗಿ ತೆರೆದ ನೀರಿಗೆ ತೂಕ ನೋಡುವ ಕ್ರಮ ಬೇರೆ. ಸೂಟ್, ಬೆಲ್ಟ್ ಎಲ್ಲಾ ಹಾಕಿಕೊಂಡು ಮೇಲೆ ನೆಟ್ಟಗೆ ನಿಂತು, ಕಾಲು ಆಡಿಸದೆ ಸಹಜವಾಗಿ ಉಸಿರು ಬಿಡಿ. ಆಗಲೂ ತಲೆ ಮುಳುಗಬಾರದು. ತುಂಬಿದ ಉಸಿರಿನಲ್ಲಿ ಇಳಿದರೆ ತೇಲದೆ ಮುಳುಗದೆ ನಿಲ್ಲುವ ಜಾಗ ಸುಮಾರು 10 ಮೀಟರಿಗೆ ಬರಬೇಕು, ಅದಕ್ಕಿಂತ ಮೇಲೆ ಬೇಡ. ಯಾಕೆ ಇಷ್ಟು ಹಟ ಅಂದ್ರೆ, ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಕೆಳಗಲ್ಲ, ಮೇಲೆ ಬರುವಾಗ ಕೊನೆಯ 10 ಮೀಟರಿನಲ್ಲಿ ಅಥವಾ ಮೇಲೆ ಬಂದ ಮೇಲೆ. ಆ ಹೊತ್ತಿನಲ್ಲಿ ದೇಹ ತಾನಾಗಿ ತೇಲಬೇಕು. ಜಾಸ್ತಿ ಸೀಸ ಕಟ್ಟಿದ್ದರೆ ಅದು ತೇಲಲ್ಲ, ವಾಪಸ್ ಕೆಳಗೆ ಹೋಗುತ್ತೆ.

ಬೆಲ್ಟ್ ರಬ್ಬರಿನದ್ದೇ ತಗೊಳ್ಳಿ, ಇದರಲ್ಲಿ ರಾಜಿ ಬೇಡ. ಎಳೆದು ಸೊಂಟದ ಮೂಳೆಯ ಮೇಲೆ ಕಟ್ಟಿದರೆ ದೇಹ ಕುಗ್ಗಿದಂತೆ ಅದೂ ಕುಗ್ಗುತ್ತೆ, ಜಾಗ ಬಿಡಲ್ಲ. ಬಕಲ್ ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ಬಿಚ್ಚಬೇಕು. ಅಂಗಡಿಯಲ್ಲೇ ಕಣ್ಣು ಮುಚ್ಚಿಕೊಂಡು ಬಿಚ್ಚಿ ನೋಡಿ.

ತಮಾಷೆ ಅಂದ್ರೆ ಆ ಬೆಲ್ಟ್ ಕೊಳಕ್ಕೂ ಸರಿಯಿರಲಿಲ್ಲ. ಕೊಳದಲ್ಲಿ ಗಾಳಿ ತುಂಬಿದ ಎದೆ ಮೇಲಕ್ಕೆ ಏಳುತ್ತೆ, ಸೊಂಟಕ್ಕೆ ಕಟ್ಟಿದ ಸೀಸ ಕಾಲನ್ನು ಕೆಳಕ್ಕೆ ಎಳೆಯುತ್ತೆ, ಮೈ ಓರೆಯಾಗಿ ನೀರನ್ನು ತಳ್ಳಿಕೊಂಡು ಹೋಗಬೇಕಾಗುತ್ತೆ. ಅದಕ್ಕೇ ಕೊಳದಲ್ಲಿ ಫ್ರೀಡೈವಿಂಗ್ ಮಾಡುವವರು ಕುತ್ತಿಗೆಗೆ ಸೀಸದ ಪಟ್ಟಿ, ಅಂದ್ರೆ ನೆಕ್ ವೇಟ್ ಹಾಕುವುದು. ಅದು ಸೆಟ್ಟಿನಲ್ಲೇ ಇರಲಿಲ್ಲ! ಟ್ಯೂಬಿಗೆ ಸೀಸದ ಗುಂಡು ತುಂಬಿ ಮನೆಯಲ್ಲೇ ಮಾಡಿಕೊಳ್ಳುವವರೂ ಇದ್ದಾರೆ, ಮಾಡಿಕೊಳ್ಳಿ, ಆದರೆ ಗಂಟು ಹಾಕಬೇಡಿ. ಅದಕ್ಕೂ ತಟ್ಟನೆ ಬಿಚ್ಚುವ ಬಕಲ್ ಬೇಕೇ ಬೇಕು.

ಮಾಸ್ಕ್ ಬಗ್ಗೆ. ಕೊಟ್ಟಿದ್ದು ಅಗಲ ಗಾಜಿನ, ಒಳಗೆ ಬೇಕಾದಷ್ಟು ಜಾಗ ಇರುವ ಸ್ಕೂಬಾ ಮಾಸ್ಕ್. ‘ಚೆನ್ನಾಗಿ ಕಾಣ್ಸುತ್ತೆ’ ಅಂದರು, ಕಾಣಿಸುತ್ತೆ, ಸರಿ. ಆದರೆ ಇಳಿಯುತ್ತಾ ಹೋದಂತೆ ಮಾಸ್ಕಿನೊಳಗಿನ ಗಾಳಿಯೂ ಕುಗ್ಗುತ್ತೆ, ಮೂಗಿನಿಂದ ಗಾಳಿ ಬಿಟ್ಟು ಅದನ್ನು ತುಂಬಬೇಕು. ಸ್ಕೂಬಾದವರಿಗೆ ಸಿಲಿಂಡರ್ ಇದೆ, ನಮಗಿರುವುದು ಒಂದೇ ಉಸಿರು. ಆಳದಲ್ಲಿ ಮೂಗು ಹಿಂಡಿ ಕಿವಿಯ ಒತ್ತಡ ಸರಿದೂಗಿಸಲೂ ಅದೇ ಗಾಳಿ ಬೇಕು, ಮಾಸ್ಕಿಗೂ ಅದೇ. ತುಂಬದೇ ಹೋದರೆ ಮಾಸ್ಕ್ ಮುಖವನ್ನು ಹೀರಿಕೊಳ್ಳುತ್ತೆ. ನನಗೂ ಅದೇ ಆಗಿ ಕಣ್ಣಿನ ಬಿಳಿ ಭಾಗಕ್ಕೆ ರಕ್ತ ಇಳಿದು, ಎಷ್ಟೋ ದಿನ ಎದುರಿಗೆ ಬಂದವರೆಲ್ಲ ಕಣ್ಣಿಗೇನಾಯ್ತು ಅಂತ ಕೇಳಿದರು. ಗಾಜು ಕಣ್ಣಿಗೆ ಹತ್ತಿರ ಇರುವ, ಒಳಗೆ ಜಾಗ ಕಡಿಮೆ ಇರುವ ಮಾಸ್ಕ್ ನೋಡಿ. ಮೂಗಿನ ಭಾಗ ಮೆತ್ತಗಿರಲಿ, ಹೊರಗಿಂದ ಎರಡು ಬೆರಳಲ್ಲಿ ಮೂಗು ಹಿಂಡಲು ಬರಬೇಕು. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಸ್ವಲ್ಪವೇ ಉಸಿರೆಳೆದರೆ ಅದು ಬೀಳದೆ ನಿಲ್ಲಬೇಕು. ಮೀಸೆ ಇರುವವರಿಗೆ ತುಸು ನೀರು ಬರುವುದು ಇದ್ದದ್ದೇ. ಇಡೀ ಮುಖ ಮುಚ್ಚುವ ಮಾಸ್ಕ್, ಈಜುವವರ ಸಾದಾ ಗಾಗಲ್ಸ್, ಇವೆರಡನ್ನೂ ಆಳಕ್ಕೆ ಹಾಕಲೇಬೇಡಿ. ಮೊದಲನೆಯದರಲ್ಲಿ ಮೂಗು ಹಿಡಿಯಲು ಆಗಲ್ಲ, ಎರಡನೆಯದರೊಳಗೆ ಗಾಳಿ ತುಂಬಲು ದಾರಿಯೇ ಇಲ್ಲ.

ಸ್ನಾರ್ಕೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವಾಲ್ವ್ ಗೀಲ್ವ್ ಇಲ್ಲದ ಸಾದಾ ಕೊಳವೆ ಸಾಕು, ಇಳಿಯುವ ಮೊದಲು ಬಾಯಿಂದ ತೆಗೆಯಿರಿ.

ಫಿನ್ಸ್‌ನಲ್ಲಿ ಎಲ್ಲರೂ ಕಾರ್ಬನ್ ಕಾರ್ಬನ್ ಅಂತಾರೆ. ನನ್ನ ಪ್ರಕಾರ ಮೊದಲ ಜೋಡಿಗೆ ಮೆದು ಪ್ಲಾಸ್ಟಿಕ್ ಬ್ಲೇಡೇ (ಪಾದದ ಮುಂದೆ ಚಾಚಿರುವ ಹಲಗೆ ಭಾಗ) ಒಳ್ಳೆಯದು. ಕೊಳದಲ್ಲಿ ತಿರುಗುವಾಗ ಬ್ಲೇಡ್ ಟೈಲ್ಸಿಗೆ ಉಜ್ಜುತ್ತೆ, ಕಾರ್ಬನ್ ಆದರೆ ಹೊಟ್ಟೆ ಉರಿಯುತ್ತೆ. ಕೆಲವು ಕೊಳಗಳಲ್ಲಿ ಉದ್ದ ಫಿನ್ಸ್ ಬಿಡುವುದೂ ಇಲ್ಲ, ಮೊದಲೇ ಕೇಳಿಕೊಳ್ಳಿ. ಬ್ಲೇಡ್ ತುಂಬಾ ಗಟ್ಟಿಯಾದರೆ ಮಂಡಿ ಮಡಚಿ ಸೈಕಲ್ ತುಳಿದ ಹಾಗಾಗುತ್ತೆ, ತೊಡೆ ಸುಸ್ತಾಗುತ್ತೆ, ಆಮ್ಲಜನಕ ಸುಮ್ನೆ ಖರ್ಚು. ನನಗೆ ಕೊಟ್ಟಿದ್ದು ಗಟ್ಟಿ ಬ್ಲೇಡ್, ಅದೂ ‘ಸಾಕ್ಸ್ ಹಾಕಿದ್ರೆ ಸರಿಹೋಗುತ್ತೆ’ ಅಂತ ಒಂದು ಸೈಜ್ ದೊಡ್ಡದು. ಹಿಮ್ಮಡಿ ಒಳಗೇ ಜಾರಿ ಜಾರಿ ಬೊಬ್ಬೆ ಬಂತು. ನಿಯೋಪ್ರೀನ್ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ, ಪಾದ ಅಲುಗಬಾರದು, ಬೆರಳು ಮರಗಟ್ಟಲೂಬಾರದು.

ಸೂಟ್ ಬೆನ್ನಿಗೆ ಜಿಪ್ ಇರುವ ಸ್ಕೂಬಾ ಸೂಟ್. ಜಿಪ್ಪಿನಿಂದ ತಣ್ಣೀರು ಒಳಗೆ, ಎದೆಯ ಹತ್ತಿರ ಬಿಗಿ, ಪೂರ್ತಿ ಉಸಿರು ತುಂಬುವುದೇ ಕಷ್ಟ. ಫ್ರೀಡೈವಿಂಗಿಗೆ ಎರಡು ತುಂಡಿನ, ಒಳಗೆ ಬಟ್ಟೆಯ ಪದರ ಇಲ್ಲದೆ ಮೈಗೆ ಅಂಟಿಕೊಳ್ಳುವ ಓಪನ್ ಸೆಲ್ ಸೂಟ್ ಬೇಕು. ಹಾಕುವ ಮೊದಲು ಶಾಂಪೂ ಬೆರೆಸಿದ ನೀರು ಒಳಗೆ ಸುರಿಯಿರಿ, ಎಳೆಯುವಾಗ ಉಗುರು ತಾಗಿಸಬೇಡಿ, ಹರಿದೇ ಹೋಗುತ್ತೆ. ಕೊಳಕ್ಕೆ ದಪ್ಪ ಸೂಟ್ ಬೇಡ, ಬೇಯುತ್ತೀರಿ.

ವಾಪಸ್ ಕೊಡೋಕೆ ಹೋದಾಗ ‘ನೀರಿಗೆ ಇಳಿದ ಸಾಮಾನು ತಗೊಳ್ಳಲ್ಲ’ ಅಂದರು. ನೀರಿಗೆ ಇಳಿಯದೆ ಗೊತ್ತಾಗುವುದು ಹೇಗೆ ಅಂದರೆ ಉತ್ತರ ಇಲ್ಲ. ಆದ್ದರಿಂದ ಬಿಡಿಬಿಡಿಯಾಗಿ ಕೊಳ್ಳಿ. ಮೊದಲು ಮಾಸ್ಕ್, ಆಮೇಲೆ ರಬ್ಬರ್ ಬೆಲ್ಟ್. ಫಿನ್ಸ್, ಸೂಟ್ ಎರಡನ್ನೂ ಕಲಿಸುವವರ ಹತ್ತಿರ ಎರವಲು ಪಡೆದು ನೀರಿನಲ್ಲಿ ನೋಡಿದ ಮೇಲೆ ತಗೊಂಡರಾಯಿತು, ಅವಸರ ಏನಿಲ್ಲ ಅಲ್ವಾ.

ಅಂದಹಾಗೆ ಆ ಚೀಲದಲ್ಲಿ ‘ಫ್ರೀ’ ಅಂತ ಒಂದು ಜೊತೆ ಇಯರ್ ಪ್ಲಗ್ ಕೂಡ ಇಟ್ಟಿದ್ದರು. ಸಾದಾ ಪ್ಲಗ್ ಹಾಕಿಕೊಂಡು ಆಳಕ್ಕೆ ಇಳಿದರೆ ಪ್ಲಗ್ಗಿಗೂ ಕಿವಿ ತಮಟೆಗೂ ನಡುವೆ ಸಿಕ್ಕಿಕೊಂಡ ಗಾಳಿಯನ್ನು ಈಕ್ವಲೈಸ್ ಮಾಡಲು, ಅಂದ್ರೆ ಅದರ ಒತ್ತಡ ಸರಿದೂಗಿಸಲು ಆಗಲ್ಲ, ನೀರು ಪ್ಲಗ್ಗನ್ನು ಒಳಕ್ಕೆ ಒತ್ತುತ್ತೆ, ತಮಟೆ ಹರಿಯಬಹುದು. ನಿಮ್ಮ ಸೆಟ್ಟಿನಲ್ಲೂ ಅದು ಬಂದಿದ್ದರೆ ಕಸದ ಬುಟ್ಟಿಗೆ ಹಾಕಿ.